ಗೂಡು ಕಟ್ಟಿದ ಗಂಡು ತನ್ನ ಮೊಟ್ಟೆಯನ್ನೇ ತಿಂದದ್ದೇಕೆ? ಸರೋವರದ ಮೂರುಮುಳ್ಳಿನ ಮೀನಿನ ಸಂತಾನದ ಲೆಕ್ಕ

ಪ್ರಶ್ನೆ: ನಮ್ಮ ವಿಭಾಗದ ಪ್ರಯೋಗಾಲಯದಲ್ಲಿ ಸರೋವರದಿಂದ ಬಂದ ಮೂರುಮುಳ್ಳಿನ ಸ್ಟಿಕಲ್‌ಬ್ಯಾಕ್ ಮೀನುಗಳಿವೆ. 40 ಲೀಟರಿನ ತೊಟ್ಟಿ, ನೀರು 22 ಡಿಗ್ರಿ ಸೆಲ್ಸಿಯಸ್. ಗಂಡೊಂದು ಸೊಗಸಾಗಿ ಗೂಡು ಕಟ್ಟಿತು, ಹೆಣ್ಣು ಒಳಹೊಕ್ಕು ಮೊಟ್ಟೆಯಿಟ್ಟಿತು. ಹೆಣ್ಣನ್ನು ಮರುದಿನ ಬೆಳಗ್ಗೆ ತೆಗೆದೆವು. ಮೂರನೆಯ ದಿನ ನೋಡಿದರೆ ಗೂಡು ಖಾಲಿ. ಮತ್ತೊಂದು ಹೆಣ್ಣಿನೊಂದಿಗೂ ಹಾಗೇ ಆಯಿತು. ಈ ಸಲ ಗಂಡು ಮೊಟ್ಟೆ ನುಂಗುವುದು ಕಣ್ಣಿಗೇ ಬಿತ್ತು. ಇದು ಸೆರೆಯ ಒತ್ತಡವೋ, ಸರೋವರದಲ್ಲೂ ಹೀಗೆಯೋ? ಇನ್ನೊಂದು ಹೆಣ್ಣಿನ ಹೊಟ್ಟೆ ಎರಡು ವಾರದಿಂದ ಉಬ್ಬಿದ್ದು, ಮೊಟ್ಟೆ ಮಾತ್ರ ಇಡುತ್ತಿಲ್ಲ. ಏನು ಮಾಡಬೇಕು?

ಉತ್ತರ: ಸರೋವರದಲ್ಲೂ ಗಂಡು ಮೊಟ್ಟೆ ತಿನ್ನುತ್ತದೆ. ಅದು ರೋಗವೂ ಅಲ್ಲ, ಮತಿಗೆಟ್ಟ ವರ್ತನೆಯೂ ಅಲ್ಲ. ಆದರೆ ಸಾಲಾಗಿ ಎರಡು ಸಲ ಗೂಡು ಪೂರ್ತಿ ಬರಿದಾಗಿದೆಯೆಂದರೆ ತೊಟ್ಟಿಯ ಏರ್ಪಾಟಿನಲ್ಲಿ ತಪ್ಪಿದೆ ಎಂದೇ ಹಿಡಿಯಬೇಕು. ನೀವು ಬರೆದ ನಾಲ್ಕು ಸಾಲಿನಲ್ಲೇ ಮೂರು ಕಾರಣಗಳು ಸಿಗುತ್ತವೆ: ನೀರು ಬಿಸಿಯಾಗಿದೆ, ಹೆಣ್ಣು ರಾತ್ರಿಯಿಡೀ ಅಲ್ಲೇ ಇತ್ತು, ಗೂಡಿನಲ್ಲಿದ್ದದ್ದು ಒಂದೇ ಹೆಣ್ಣಿನ ಮೊಟ್ಟೆ. ಮೂರನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ, ನನ್ನ ಪ್ರಕಾರ ಅದೇ ಮುಖ್ಯ. ಅದು ಅರ್ಥವಾಗಬೇಕಾದರೆ ಈ ಗಂಡು ಒಂದು ಗೂಡಿಗಾಗಿ ಮೈಯಿಂದ ಏನೇನು ಖರ್ಚು ಮಾಡುತ್ತದೆ ಎಂಬುದನ್ನು ಮೊದಲಿನಿಂದ ನೋಡಬೇಕು.

ಗ್ಯಾಸ್ಟರೋಸ್ಟಿಯಸ್ ಅಕ್ಯುಲಿಯೇಟಸ್ ಎಂಬುದು ಇದರ ಶಾಸ್ತ್ರೀಯ ಹೆಸರು. ಸರೋವರದಲ್ಲಿ ಬಲಿತ ಮೀನು ಸಾಮಾನ್ಯವಾಗಿ 4ರಿಂದ 8 ಸೆಂಟಿಮೀಟರ್ ಉದ್ದ. ಬೆನ್ನಿನ ಮೇಲೆ ಮೂರು ಮುಳ್ಳು, ಹೊಟ್ಟೆಯ ಅಡಿ ಅಕ್ಕಪಕ್ಕ ಎರಡು. ಬುಡದಲ್ಲಿ ಕೀಲಿಯಂಥ ರಚನೆಯಿರುವುದರಿಂದ ಒಮ್ಮೆ ನಿಮಿರಿಸಿದ ಮುಳ್ಳನ್ನು ಬಲವಂತದಿಂದ ಮಡಿಸಲಾಗದು. ಮೈಮೇಲೆ ಹುರುಪೆಯಿಲ್ಲ, ಅದರ ಬದಲು ಪಕ್ಕಗಳಲ್ಲಿ ಎಲುಬಿನ ಫಲಕಗಳಿವೆ. ಸಮುದ್ರದಲ್ಲಿರುವ ಬಂಧುಗಳಿಗೆ ಒಂದೊಂದು ಪಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು ಫಲಕಗಳಿದ್ದರೆ, ಸರೋವರದ ಹೆಚ್ಚಿನ ಮೀನುಗಳಿಗೆ ಎದೆಯ ಹತ್ತಿರ ಏಳೆಂಟು ಮಾತ್ರ. ಕೊನೆಯ ಹಿಮಯುಗ ಮುಗಿದು ಹಿಮನದಿಗಳು ಹಿಂದೆ ಸರಿದಾಗ, ಅಂದರೆ ಸುಮಾರು 12,000 ವರ್ಷಗಳಿಂದೀಚೆಗೆ, ಉತ್ತರ ಗೋಳಾರ್ಧದ ಸಾವಿರಾರು ಹೊಸ ಸರೋವರಗಳಿಗೆ ಸಮುದ್ರದಿಂದ ಹೊಕ್ಕ ಮೀನಿನ ಸಂತತಿಗಳಿವು. ಒಂದೊಂದು ಸರೋವರದಲ್ಲೂ ಬೇರೆಬೇರೆಯಾಗಿ ಮಾರ್ಪಟ್ಟಿವೆ. ಹಾಗಾಗಿ ಮುಂದೆ ಕೊಡುವ ಅಂಕಿಗಳನ್ನು ಅಂದಾಜಿನಂತೆ ತೆಗೆದುಕೊಳ್ಳಿ. ನಿಮ್ಮ ಮೀನು ಯಾವ ಸರೋವರದ್ದು ಎಂಬುದರ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ.

ಆಯುಸ್ಸು ಹೆಚ್ಚಿನ ಕಡೆ ಒಂದೆರಡು ವರ್ಷ, ತಂಪಾದ ಕೆಲವು ಸರೋವರಗಳಲ್ಲಿ ಮೂರು ನಾಲ್ಕು. ಎಷ್ಟೋ ಗಂಡುಗಳಿಗೆ ಸಿಗುವುದು ಒಂದೇ ಹಂಗಾಮು, ಸುಮಾರಾಗಿ ಏಪ್ರಿಲ್‌ನಿಂದ ಜುಲೈವರೆಗೆ. ಚಳಿಗಾಲ ಕಳೆದು ಹಗಲು ಉದ್ದವಾಗುವುದೇ ಅವಕ್ಕೆ ಕರೆ. ಆಗ ಗಂಡು ಗುಂಪು ಬಿಟ್ಟು ದಡದ ಕಡೆಗೆ, ಮೊಣಕಾಲುದ್ದದಿಂದ ಆಳೆತ್ತರದ ನೀರಿಗೆ ಬಂದು ಒಂದು ತುಂಡು ನೆಲ ಹಿಡಿಯುತ್ತದೆ. ಗಂಟಲು, ಹೊಟ್ಟೆ ಕೆಂಪೇರುತ್ತವೆ, ಕಣ್ಣು ಹೊಳೆಯುವ ನೀಲಿಯಾಗುತ್ತದೆ. ಆ ಕೆಂಪು ಕ್ಯಾರೊಟಿನಾಯ್ಡ್ ಎಂಬ ಬಣ್ಣದ ದ್ರವ್ಯಗಳಿಂದ ಬಂದದ್ದು. ಅದನ್ನು ಮೀನು ತಾನೇ ತಯಾರಿಸಲಾರದು, ತಿಂದ ಸಣ್ಣ ಸಿಗಡಿಯಂಥ ಜೀವಿಗಳಿಂದ ಗಳಿಸಬೇಕು. ಬಿಳಿಚುಕ್ಕೆ ರೋಗ ಹತ್ತಿದ ಗಂಡಿನ ಕೆಂಪು ಮಾಸುತ್ತದೆ, ಹೆಣ್ಣುಗಳು ಅದನ್ನು ಒಲ್ಲವು ಎಂಬುದನ್ನು ಮಿಲಿನ್‌ಸ್ಕಿ ಮತ್ತು ಬಾಕರ್ ಎಂಬ ಸಂಶೋಧಕರು 1990ರಲ್ಲಿ ತೋರಿಸಿದರು. ಹಸಿರು ಬೆಳಕಿನಡಿ ಕೆಂಪು ಕಾಣದಂತೆ ಮಾಡಿದಾಗ ಅದೇ ಹೆಣ್ಣುಗಳ ಆಯ್ಕೆಯಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಇಲ್ಲಿ ನಿಮಗೆ ಬೇಕಾದ ಮಾತು ಇಷ್ಟೆ: ಬರೀ ಒಣ ಆಹಾರ ತಿಂದ ಗಂಡು ಪೇಲವವಾಗಿರುತ್ತದೆ, ಪೇಲವ ಗಂಡಿನ ಗೂಡಿಗೆ ಹೆಣ್ಣು ಮನಸ್ಸು ಮಾಡುವುದು ಕಷ್ಟ. ಚಹಾದ ಬಣ್ಣದ ನೀರಿರುವ ಕೆಲವು ಸರೋವರಗಳಲ್ಲಿ ಗಂಡು ಕೆಂಪಾಗದೆ ಕಪ್ಪಾಗುತ್ತದೆ. ನಿಮ್ಮದು ಅಂಥ ತಳಿಯಾದರೆ ಕೆಂಪಿಲ್ಲವೆಂದು ಗಾಬರಿಯಾಗಬೇಡಿ.

ಇನ್ನು ಗೂಡು. ಗಂಡು ಮೊದಲು ಬಾಯಿತುಂಬ ಮರಳು ಕಚ್ಚಿ, ಒಂದಷ್ಟು ದೂರ ಒಯ್ದು ಉಗುಳಿ, ಅಗಲವಾದ ಸಣ್ಣ ಗುಣಿ ಮಾಡುತ್ತದೆ. ಆಮೇಲೆ ನೂಲುಪಾಚಿ, ಬೇರಿನ ಎಳೆ, ಕೊಳೆತ ಎಲೆಯ ನಾರು ತಂದು ಗುಣಿಯಲ್ಲಿ ತುರುಕುತ್ತದೆ. ಪ್ರತಿ ಎಳೆಯನ್ನೂ ಉಗುಳಿ ಮತ್ತೆ ಕಚ್ಚಿ ಪರೀಕ್ಷಿಸುವುದನ್ನು ನೀವೂ ಕಂಡಿರಬಹುದು. ತೇಲಿಹೋಗುವ ಎಳೆ ಅದಕ್ಕೆ ಬೇಡ. ನಡುನಡುವೆ ಗೂಡಿನ ಮೇಲೆ ಹೊಟ್ಟೆ ಉಜ್ಜಿಕೊಂಡು ಮೈ ನಡುಗಿಸುತ್ತಾ ಹಾಯುತ್ತದಲ್ಲ, ಅಂಟು ಹಚ್ಚುವುದು ಆಗಲೇ. ಈ ಅಂಟಿಗೆ ಸ್ಪಿಗಿನ್ ಎಂದು ಹೆಸರು. ಸ್ವೀಡಿಷ್ ಭಾಷೆಯಲ್ಲಿ ಈ ಮೀನಿಗೆ ಸ್ಪಿಗ್ ಎನ್ನುತ್ತಾರೆ, ಅದರಿಂದ ಬಂದದ್ದು. ಅಂಟು ತಯಾರಾಗುವುದು ಮೂತ್ರಪಿಂಡದಲ್ಲಿ, ಗಂಡು ಹಾರ್ಮೋನಿನ ಪ್ರಭಾವದಿಂದ. ಹಂಗಾಮಿನಲ್ಲಿ ಗಂಡಿನ ಮೂತ್ರಪಿಂಡ ಉಬ್ಬಿ ದೊಡ್ಡದಾಗುತ್ತದೆ, ಅಂಟು ಮೂತ್ರಕೋಶದಲ್ಲಿ ಸಂಗ್ರಹವಾಗುತ್ತದೆ. ಅದು ಪೂರ್ತಿ ಪ್ರೋಟೀನು, ಅಂದರೆ ತಿಂದದ್ದರಿಂದಲೇ ಹುಟ್ಟಬೇಕು. ಕೊನೆಯಲ್ಲಿ ಗಂಡು ರಾಶಿಯ ನಡುವೆ ಮೂತಿ ತೂರಿಸಿ, ಒದ್ದಾಡಿ, ಆಚೆ ಬದಿಗೆ ಹೊರಬರುತ್ತದೆ. ಹೀಗೆ ಸುರಂಗ ಬಿದ್ದಾಗಲೇ ಗೂಡು ಸಿದ್ಧ. ಸುರಂಗವಿಲ್ಲದ ಗೂಡಿರುವ ಗಂಡಿನ ತೊಟ್ಟಿಗೆ ಹೆಣ್ಣನ್ನು ಬಿಟ್ಟರೆ ಹೊಡೆತ ಬೀಳುವುದೇ ಹೆಚ್ಚು.

ಹೆಣ್ಣಿನ ಸರದಿ ಚುಟುಕಾದದ್ದು. ಮೊಟ್ಟೆ ಮಾಗಿದ ಹೆಣ್ಣು ತಲೆ ಮೇಲೆ ಮಾಡಿ ಹೊಟ್ಟೆ ತೋರಿಸುತ್ತದೆ. ಗಂಡು ಎಡಕ್ಕೆ ಬಲಕ್ಕೆ ಚಿಮ್ಮುತ್ತ ಅಂಕುಡೊಂಕಾಗಿ ಕುಣಿಯುತ್ತದೆ. ಪ್ರಾಣಿವರ್ತನೆಯ ವಿಜ್ಞಾನಿ ನಿಕೊ ಟಿಂಬರ್ಗೆನ್ ಈ ಸರಪಳಿಯನ್ನು ಒಂದೊಂದು ಕೊಂಡಿಯಾಗಿ ಬಿಡಿಸಿ ನೋಡಿದವರು. 1973ರ ನೊಬೆಲ್ ಪ್ರಶಸ್ತಿಗೆ ಪಾತ್ರವಾದ ಅವರ ಕೆಲಸದಲ್ಲಿ ಈ ಮೀನಿಗೆ ದೊಡ್ಡ ಪಾಲಿದೆ. ಗಂಡು ಗೂಡಿನತ್ತ ಕರೆದೊಯ್ದು, ಪಕ್ಕಕ್ಕೆ ಒರಗಿ ಮೂತಿಯಿಂದ ಬಾಗಿಲು ತೋರಿಸುತ್ತದೆ. ಹೆಣ್ಣು ಒಳಹೊಕ್ಕಾಗ ಅದರ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ ಹೊರಗಿರುತ್ತವೆ. ಬಾಲದ ಬುಡಕ್ಕೆ ಗಂಡು ಮೂತಿಯಿಂದ ನಡುಕ ಹತ್ತಿಸಿದರೆ ಮೊಟ್ಟೆ ಬೀಳುತ್ತದೆ. ಆ ನಡುಕ ಸಿಗದಿದ್ದರೆ ಒಳಗಿದ್ದೂ ಹೆಣ್ಣು ಹಾಗೇ ಹೊರಬರಬಹುದು. ಹೆಣ್ಣು ಹೊರಗೆ ಬಂದ ಕ್ಷಣವೇ ಗಂಡು ಸುರಂಗದಲ್ಲಿ ನುಗ್ಗಿ ವೀರ್ಯ ಬಿಡುತ್ತದೆ, ತಿರುಗಿ ಬಂದು ಅದೇ ಹೆಣ್ಣನ್ನು ಅಟ್ಟುತ್ತದೆ. ಇಷ್ಟರ ನಂತರ ಸಂತಾನದ ಭಾರವೆಲ್ಲ ಗಂಡಿನದು. ಹೆಣ್ಣು ಹೊಟ್ಟೆಯಲ್ಲಿ ಮಾಗಿದ ಮೊಟ್ಟೆಯಷ್ಟನ್ನೂ ಒಂದೇ ಸಲಕ್ಕೆ ಇಡುತ್ತದೆ. ಮೈಯ ಗಾತ್ರಕ್ಕೆ ತಕ್ಕಂತೆ ಸುಮಾರು 50ರಿಂದ 300, ಒಂದೊಂದೂ ಒಂದೂವರೆ ಮಿಲಿಮೀಟರ್ ಅಗಲ, ಎಲ್ಲ ಒಂದಕ್ಕೊಂದು ಅಂಟಿದ ಗೊಂಚಲು. ಚೆನ್ನಾಗಿ ತಿಂದರೆ ನಾಲ್ಕೈದು ದಿನಕ್ಕೆ ಮತ್ತೊಂದು ಕಂತು ತಯಾರು. ಹಂಗಾಮಿನುದ್ದಕ್ಕೂ ಇಟ್ಟ ಮೊಟ್ಟೆಯನ್ನು ತೂಗಿದರೆ ಹೆಣ್ಣಿನ ಮೈತೂಕವನ್ನೂ ಮೀರಬಹುದು.

ಈಗ ಲೆಕ್ಕಕ್ಕೆ ಬರೋಣ. ಒಂದು ಹೆಣ್ಣು ಹೋದಮೇಲೆ ಗಂಡು ತಂದೆಯ ಕೆಲಸಕ್ಕೆ ಕೂಡಲೇ ಇಳಿಯುವುದಿಲ್ಲ. ಗೂಡು ಸರಿಪಡಿಸಿ, ಮೊಟ್ಟೆಯ ಗೊಂಚಲನ್ನು ಒಳಕ್ಕೆ ತಳ್ಳಿ, ಮತ್ತೆ ಕುಣಿಯಲು ಹೊರಡುತ್ತದೆ. ಸರೋವರದಲ್ಲಿ ಎರಡು ಮೂರು ದಿನಗಳಲ್ಲಿ ಹಲವು ಹೆಣ್ಣುಗಳ ಮೊಟ್ಟೆ ಒಂದೇ ಗೂಡಿಗೆ ಸೇರುವುದು ಸಾಮಾನ್ಯ. ಆಗಲೇ ಮೊಟ್ಟೆಯಿರುವ ಗೂಡನ್ನು ಹೆಣ್ಣುಗಳು ಮೆಚ್ಚುವುದೂ ಉಂಟು, ಅದಕ್ಕಾಗಿ ಪಕ್ಕದ ಗೂಡಿನಿಂದ ಮೊಟ್ಟೆ ಕದ್ದು ತಂದು ತನ್ನಲ್ಲಿ ಇಟ್ಟುಕೊಳ್ಳುವ ಗಂಡುಗಳೂ ಇವೆ. ಸಾಕಷ್ಟು ಮೊಟ್ಟೆ ಕೂಡಿದ ಮೇಲೆ ಕುಣಿತ ಕಡಿಮೆಯಾಗಿ, ಗಂಡು ಗೂಡಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ಎದೆರೆಕ್ಕೆಗಳಿಂದ ಬೀಸತೊಡಗುತ್ತದೆ. ರೆಕ್ಕೆ ನೀರನ್ನು ಮುಂದಕ್ಕೆ ಗೂಡಿನೊಳಕ್ಕೆ ತಳ್ಳುತ್ತದೆ, ಅದರಿಂದ ಮೈ ಹಿಂದೆ ಸರಿಯದಂತೆ ಬಾಲ ಎದುರು ಹುಟ್ಟು ಹಾಕುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಮೀನು ಸುಮ್ಮನೆ ನಿಂತಂತೆ. ನಿಜದಲ್ಲಿ ತಲೆಯ ಕಡೆ ಒಂದು ಎಂಜಿನು, ಬಾಲದ ಕಡೆ ಇನ್ನೊಂದು ಓಡುತ್ತಿರುತ್ತವೆ. ಬಲೆಯಂತೆ ಹೆಣೆದ ಪಾಚಿಯ ಒಳಗೆ ಅಂಟಿಕೊಂಡು ಕುಳಿತ ಮೊಟ್ಟೆಗೆ ಬೇರೆ ದಾರಿಯಿಂದ ಆಮ್ಲಜನಕ ಬರುವುದಿಲ್ಲ. ಭ್ರೂಣ ಬೆಳೆದಷ್ಟೂ ಅದರ ಉಸಿರಾಟ ಹೆಚ್ಚುತ್ತದೆ, ಬೀಸುವಿಕೆಯೂ ದಿನದಿಂದ ದಿನಕ್ಕೆ ಏರುತ್ತದೆ. ಮರಿ ಒಡೆಯುವ ಮುನ್ನಾದಿನಗಳಲ್ಲಿ ಹೊತ್ತಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಗಂಡು ಇನ್ನೂ ಹೆಚ್ಚು ಬೀಸುತ್ತದೆ, ಗೂಡಿನ ಮಾಡಿಗೆ ತೂತು ಮಾಡುತ್ತದೆ. ಇದೆಲ್ಲದರ ನಡುವೆ ದೂರ ಹೋಗಿ ತಿಂದು ಬರಲು ಬಿಡುವಿಲ್ಲ. ಗಂಡು ಸೊರಗುತ್ತದೆ.

ನೋಡಿ, ಎಂಬತ್ತು ಮೊಟ್ಟೆಗೂ ಐನೂರು ಮೊಟ್ಟೆಗೂ ಗಂಡು ನೆಲ ಕಾಯಬೇಕು, ಗೂಡಿನ ಬಾಗಿಲಲ್ಲಿ ನಿಲ್ಲಬೇಕು, ಹಸಿದಿರಬೇಕು. ಖರ್ಚು ಹೆಚ್ಚುಕಡಿಮೆ ಅಷ್ಟೇ, ಫಲದಲ್ಲಿ ಆರು ಪಟ್ಟು ಅಂತರ. ಸಣ್ಣ ಕಂತಿನ ಗೂಡನ್ನು ಗಂಡು ಪೂರ್ತಿ ತಿಂದು, ಆ ಪೋಷಣೆಯಿಂದ ಮೈ ತುಂಬಿಕೊಂಡು, ಹೊಸ ಗೂಡು ಕಟ್ಟುವುದು ಈ ಲೆಕ್ಕಕ್ಕೆ ಸರಿಯಾಗಿಯೇ ಹೊಂದುತ್ತದೆ. ನಿಮ್ಮ ಗಂಡು ಮಾಡಿದ್ದು ಇದನ್ನೇ ಎಂದು ನನ್ನ ಎಣಿಕೆ. ದೊಡ್ಡ ಗೂಡಿನಲ್ಲಿ ಕೆಲವೇ ಮೊಟ್ಟೆ ತಿನ್ನುವುದು ಬೇರೆ ವಿಷಯ: ಬೂಸ್ಟು ಹಿಡಿದವನ್ನು, ಬೆಳ್ಳಗಾದವನ್ನು ಗಂಡು ಹೆಕ್ಕಿ ತೆಗೆಯುತ್ತದೆ, ಅದು ಉಳಿದವಕ್ಕೆ ರಕ್ಷೆ. ಮೂರನೆಯ ಸಂದರ್ಭವೂ ಇದೆ: ಗೂಡಿನ ಮೊಟ್ಟೆ ತನ್ನದಲ್ಲದಿದ್ದಾಗ. ಸರೋವರದಲ್ಲಿ ಪಕ್ಕದ ಗಂಡೊಂದು ಬಣ್ಣ ಮಾಸಿಸಿಕೊಂಡು, ನೆಲಕ್ಕೆ ಅಂಟಿಕೊಂಡಂತೆ ತೆವಳಿ ಬಂದು, ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ಮನೆಯೊಡೆಯನಿಗಿಂತ ಮುಂಚೆ ಸುರಂಗ ಹೊಕ್ಕು ವೀರ್ಯ ಬಿಟ್ಟು ಓಡುತ್ತದೆ. ಗೂಡಿನ ಮೊಟ್ಟೆಗಳನ್ನೆಲ್ಲ ಬದಲಿಸಿ ಬೇರೆ ಗಂಡಿನವನ್ನು ಇಟ್ಟ ಪ್ರಯೋಗಗಳಲ್ಲಿ, ಬರೀ ಮೊಟ್ಟೆಯಿಂದಲೇ ಸುಳಿವು ಹಿಡಿದು ಗಂಡುಗಳು ಅವನ್ನು ತಿಂದದ್ದುಂಟು. ಹಾಗಾಗಿ ಒಂದು ಗಂಡಿನ ಗೂಡಿನ ಮೊಟ್ಟೆಯನ್ನು ಇನ್ನೊಂದಕ್ಕೆ ಸಾಕಲು ಕೊಡುವ ಯೋಚನೆಯಿದ್ದರೆ ಈಗಲೇ ಬಿಡಿ.

ಹೆಣ್ಣನ್ನು ರಾತ್ರಿಯಿಡೀ ಬಿಟ್ಟದ್ದರಿಂದ ಆದ ಕೇಡೂ ಸಣ್ಣದಲ್ಲ. ಸರೋವರದಲ್ಲಿ ಗೂಡುಗಳಿಗೆ ದೊಡ್ಡ ಶತ್ರು ಸ್ವಂತ ಜಾತಿಯ ಹಿಂಡೇ. ಹತ್ತಾರು, ಕೆಲವೊಮ್ಮೆ ನೂರಾರು ಮೀನುಗಳು ಒಟ್ಟಿಗೆ ಎರಗಿ ಒಂದು ಗೂಡನ್ನು ಕ್ಷಣದಲ್ಲಿ ಕಿತ್ತು ತಿನ್ನುತ್ತವೆ. ಹಿಂಡು ಹತ್ತಿರ ಬಂದಾಗ ಗಂಡು ಗೂಡಿನಿಂದ ದೂರ ಸರಿದು, ತಲೆ ಕೆಳಗೆ ಮಾಡಿ, ನೆಲದಲ್ಲಿ ಏನೋ ರುಚಿಯಾದದ್ದು ಸಿಕ್ಕಿದಂತೆ ಕೆದಕುತ್ತದೆ. ಹಿಂಡು ಅದರ ಬೆನ್ನು ಹತ್ತಿ ಬೇರೆ ಕಡೆ ಹೋಗುತ್ತದೆ. 40 ಲೀಟರಿನ ತೊಟ್ಟಿಯಲ್ಲಿ ಹಾಗೆ ದಾರಿ ತಪ್ಪಿಸಲು ಜಾಗವೆಲ್ಲಿ? ಮೊಟ್ಟೆಯಿಟ್ಟ ಹೆಣ್ಣು ಹಸಿದಿರುತ್ತದೆ, ಮೊಟ್ಟೆಯ ವಾಸನೆ ಅದಕ್ಕೆ ಗೊತ್ತು, ಗಂಡು ಬೀಸುವುದನ್ನು ಬಿಟ್ಟು ಇಡೀ ರಾತ್ರಿ ಅಟ್ಟುತ್ತಲೇ ಇರುತ್ತದೆ. ಮೊದಲ ಸಲ ನಿಮ್ಮ ಗೂಡಿನಲ್ಲಿ ಕಳೆದ ಮೊಟ್ಟೆಗಳಲ್ಲಿ ಒಂದಷ್ಟು ಹೆಣ್ಣಿನ ಹೊಟ್ಟೆಗೇ ಹೋಗಿರಬಹುದು. ಉಳಿದದ್ದು ಇನ್ನೂ ಸಣ್ಣ ಕಂತು, ಹಾಗಾಗಿ ಲೆಕ್ಕ ಇನ್ನಷ್ಟು ಕೆಟ್ಟಿತು.

ಉಷ್ಣತೆಯ ಮಾತು ಸರಳ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೊಟ್ಟೆಗೂ ಗಂಡಿಗೂ ಬೇಕಾದ ಆಮ್ಲಜನಕ ಹೆಚ್ಚು, ಬೂಸ್ಟಿಗೂ ಹಬ್ಬ. 15ರಿಂದ 18 ಡಿಗ್ರಿಯ ಒಳಗೆ ಇಡಿ. ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್, ಇಲ್ಲದೆ ಇದು ಆಗದಿದ್ದರೆ ಚಿಲ್ಲರ್ ತರಿಸಿ. ಬೇರೆ ಯಾವ ತಿದ್ದುಪಡಿಯೂ ಇದರ ಬದಲಿಗೆ ನಿಲ್ಲುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಒಂದು ತೊಟ್ಟಿಗೆ ಒಂದೇ ಗಂಡು, ಅಕ್ಕಪಕ್ಕದ ತೊಟ್ಟಿಗಳ ನಡುವೆ ಮರೆ. ಅಗಲವಾದ ತಟ್ಟೆಯಲ್ಲಿ ಮೂರು ಸೆಂಟಿಮೀಟರ್ ದಪ್ಪಕ್ಕೆ ತೊಳೆದ ಸಣ್ಣ ಮರಳು ಹಾಕಿ ತೊಟ್ಟಿಯ ಒಂದು ಮೂಲೆಗಿಡಿ. ಎದುರು ಮೂಲೆಯಲ್ಲಿ ಹೆಣ್ಣು ಅಡಗಲು ಗಿಡದ ಪೊದೆಯಿರಲಿ. ನೂಲುಪಾಚಿಯ ಜೊತೆಗೆ ಐದಾರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದ ಹತ್ತಿಯ ದಾರದ ತುಂಡುಗಳನ್ನೂ ಕೊಡಬಹುದು, ಗಂಡು ಸಂಕೋಚವಿಲ್ಲದೆ ಬಳಸುತ್ತದೆ. ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲೆ. ಆದರೆ ವರ್ಷವಿಡೀ ಹೀಗೇ ಇಟ್ಟರೆ ಮೀನು ಹಂಗಾಮಿನಿಂದ ಹೊರಬಿದ್ದು ಬೆಳಕಿಗೆ ಓಗೊಡುವುದನ್ನು ನಿಲ್ಲಿಸುತ್ತದೆ. ಹಾಗಾದಾಗ ಕೆಲವು ವಾರ 8 ಗಂಟೆ ಬೆಳಕು, 5 ಡಿಗ್ರಿಯ ಆಸುಪಾಸಿನ ನೀರು ಕೊಟ್ಟು ಚಳಿಗಾಲ ದಾಟಿಸಿ, ಆಮೇಲೆ ಬೆಳಕನ್ನೂ ಬಿಸಿಯನ್ನೂ ನಿಧಾನವಾಗಿ ಏರಿಸಬೇಕು. ಗಂಡಿಗೆ ಮೊದಲ ಹೆಣ್ಣನ್ನು ಬಿಡುವ ಮುಂಚೆ ಎರಡು ವಾರ ದಿನಕ್ಕೆರಡು ಹೊತ್ತು ಕೆಂಪು ಮರಿಹುಳು, ಡ್ಯಾಫ್ನಿಯಾ, ಮೈಸಿಡ್ ಸಿಗಡಿ ಹೊಟ್ಟೆ ತುಂಬ ಕೊಡಿ. ಗೂಡು ಕಾಯುವಾಗಲೂ ಆಹಾರ ನಿಲ್ಲಿಸಬೇಡಿ. ಗೂಡಿನಿಂದ ಒಂದು ಗೇಣು ಆಚೆಗೆ ನಾಲ್ಕೈದು ಹುಳು ಬಿಟ್ಟರೆ ಸಾಕು, ತಿನ್ನದೆ ಉಳಿದದ್ದನ್ನು ಅರ್ಧ ಗಂಟೆಯಲ್ಲಿ ಪಿಪೆಟ್ಟಿನಿಂದ ಎತ್ತಿ.

ಮಾಗಿದ ಹೆಣ್ಣುಗಳು ಕನಿಷ್ಠ ಎರಡು, ಸಾಧ್ಯವಾದರೆ ಮೂರು ಕೈಯಲ್ಲಿರುವ ದಿನವೇ ಕೆಲಸ ಶುರುಮಾಡಿ. ಮೊದಲ ಹೆಣ್ಣನ್ನು ಬಿಟ್ಟು ಕಣ್ಣಿಟ್ಟು ಕುಳಿತಿರಿ. ಅದು ಸುರಂಗದಿಂದ ಹೊರಬಂದು, ಗಂಡು ಒಳಹಾಯ್ದು ಮುಗಿಸಿದ್ದೇ ತಡ, ಹೆಣ್ಣನ್ನು ಮೆತ್ತಗೆ ಹಿಡಿದು ತೆಗೆಯಿರಿ. ಅರ್ಧ ಗಂಟೆ ಕಳೆದರೂ ಹೆಣ್ಣು ಒಲಿಯದೆ ಹೊಡೆತ ತಿನ್ನುತ್ತಿದ್ದರೆ ಆಗಲೂ ತೆಗೆಯಿರಿ. ಗಂಡಿಗೆ ಒಂದೆರಡು ಗಂಟೆ ಬಿಡುವು ಕೊಟ್ಟು ಎರಡನೆಯದನ್ನು ಬಿಡಿ, ಮೂರನೆಯದಕ್ಕೆ ಮರುದಿನ ಸಾಕು. ಅಲ್ಲಿಂದ ಮುಂದೆ ಗೂಡನ್ನು ಮುಟ್ಟಬಾರದು, ತಟ್ಟೆ ಸರಿಸಬಾರದು. ನೀರು ಬದಲಿಸುವುದಾದರೆ ಐದನೆಯ ಒಂದು ಪಾಲು ಮಾತ್ರ, ಅದೇ ಉಷ್ಣತೆಯದು. ಗಾಳಿಯ ಕಲ್ಲು ಗೂಡಿನಿಂದ ದೂರವಿರಲಿ. ಗುಳ್ಳೆಯ ಸೆಳೆತಕ್ಕೆ ಪಾಚಿ ಅಲುಗಾಡಿದರೆ ಗಂಡು ಬೀಸುವುದನ್ನು ಬಿಟ್ಟು ಗೂಡು ರಿಪೇರಿಯಲ್ಲೇ ದಿನ ಕಳೆಯುತ್ತದೆ. 18 ಡಿಗ್ರಿಯಲ್ಲಿ ಮರಿ ಏಳೆಂಟು ದಿನಕ್ಕೆ ಒಡೆಯುತ್ತದೆ, ನೀರು ತಣ್ಣಗಿದ್ದಷ್ಟೂ ತಡ.

ಮರಿಗಳ ಸಂಖ್ಯೆಯೇ ನಿಮಗೆ ಮುಖ್ಯವಾಗಿದ್ದು, ಗಂಡಿನ ವರ್ತನೆ ಅಧ್ಯಯನದ ಭಾಗವಲ್ಲದಿದ್ದರೆ, ಅದರ ಮೇಲೆ ಭಾರ ಹಾಕಬೇಕಿಲ್ಲ. ಮೊಟ್ಟೆಯಿಟ್ಟ ಒಂದು ಗಂಟೆಯ ಮೇಲೆ ಗೊಂಚಲನ್ನು ಮೊಂಡು ಚಿಮಟದಿಂದ ಎತ್ತಿ, ತಳಕ್ಕೆ ಸಣ್ಣ ಜಾಲರಿ ಹಾಕಿದ ಲೋಟದಲ್ಲಿಟ್ಟು, ಅದನ್ನು ತೊಟ್ಟಿಯಲ್ಲಿ ಅರ್ಧ ಮುಳುಗುವಂತೆ ತೂಗುಹಾಕಿ, ಕೆಳಗಿನಿಂದ ಸಣ್ಣ ಗುಳ್ಳೆ ಬಿಡಿ. ಆ ಗುಳ್ಳೆಯೇ ಈಗ ಗಂಡಿನ ರೆಕ್ಕೆ. ನೀರಿಗೆ ಲೀಟರಿಗೆ 3 ಗ್ರಾಮಿನಷ್ಟು ಸಮುದ್ರ ಲವಣ, ತಿಳಿನೀಲಿ ಬರುವಷ್ಟು ಮೆಥಿಲೀನ್ ಬ್ಲೂ ಸೇರಿಸಿದರೆ ಬೂಸ್ಟು ಹತೋಟಿಯಲ್ಲಿರುತ್ತದೆ. ಸೂಕ್ಷ್ಮದರ್ಶಕದಡಿ ನೋಡಿ: ಫಲಿತ ಮೊಟ್ಟೆಯಲ್ಲಿ ಹೊರಪೊರೆ ಹಳದಿಯಿಂದ ಬಿಟ್ಟು ಮೇಲೆದ್ದು, ನಡುವೆ ತಿಳಿಯಾದ ಉಂಗುರ ಕಾಣುತ್ತದೆ, ಎರಡು ಮೂರು ಗಂಟೆಯೊಳಗೆ ಮೊದಲ ವಿಭಜನೆ. ನಾಲ್ಕೈದನೆಯ ದಿನ ಕಪ್ಪು ಕಣ್ಣುಗಳು ಬರಿಗಣ್ಣಿಗೂ ಕಾಣುತ್ತವೆ. ಬೆಳ್ಳಗೆ ಮಬ್ಬಾದವನ್ನು ದಿನಾಲೂ ತೆಗೆಯಬೇಕು. ಒಂದು ಸತ್ತ ಮೊಟ್ಟೆಯ ಬೂಸ್ಟು ಎರಡು ದಿನದಲ್ಲಿ ಗೊಂಚಲನ್ನೆಲ್ಲ ಹೆಣೆದುಬಿಡುತ್ತದೆ. ಗೊಂಚಲು ದಪ್ಪವಿದ್ದರೆ ಮೆಲ್ಲಗೆ ಬಿಡಿಸಿ ಎರಡು ಮೂರು ಲೋಟಕ್ಕೆ ಹಂಚಿ. ನಡುವಿನ ಮೊಟ್ಟೆಗಳೇ ಮೊದಲು ಉಸಿರುಗಟ್ಟಿ ಸಾಯುವುದು.

ಗಂಡಿನ ಬಳಿಯೇ ಮರಿ ಒಡೆದರೆ ಒಂದು ಅಪರೂಪದ ದೃಶ್ಯ ಕಾಣಸಿಗುತ್ತದೆ. ಗಂಡು ಗೂಡಿನ ಮಾಡು ಕಿತ್ತು ಸಡಿಲ ಎಳೆಗಳ ತೊಟ್ಟಿಲು ಮಾಡುತ್ತದೆ. ಅದರಲ್ಲಿ ಅರ್ಧ ಸೆಂಟಿಮೀಟರಿನ ಮರಿಗಳು ಹಳದಿಚೀಲ ಹೊತ್ತು ಬಿದ್ದಿರುತ್ತವೆ. ಹೊರಗೆ ತಪ್ಪಿಸಿಕೊಂಡದ್ದನ್ನು ಗಂಡು ಬಾಯಲ್ಲಿ ಹೀರಿ ತಂದು ಒಳಗೆ ಉಗುಳುತ್ತದೆ. ಇದನ್ನು ಕಂಡು ಮರಿಗಳನ್ನೂ ತಿನ್ನುತ್ತಿದೆ ಎಂದು ಅವಸರದಲ್ಲಿ ಗಂಡನ್ನು ತೆಗೆಯುವವರಿದ್ದಾರೆ. ಬಾಯಿ ಬಿಟ್ಟಾಗ ಏನು ಹೊರಬರುತ್ತದೆ ಎಂದು ನೋಡಿ ತೀರ್ಮಾನಿಸಿ. ಮರಿಗಳು ಒಂದು ಸಲವಾದರೂ ನೀರಿನ ಮೇಲ್ಮೈಗೆ ಚಿಮ್ಮಿ ಗಾಳಿ ನುಂಗಲೇಬೇಕು. ಗಾಳಿಚೀಲ ಮೊದಲು ತುಂಬುವುದು ಹಾಗೆಯೇ. ತಂದೆ ಹಿಡಿಯುವಷ್ಟರಲ್ಲಿ ಮರಿ ಮೇಲಕ್ಕೆ ಓಡಿ ಬಂದಿರುತ್ತದೆ. ಮೇಲ್ಮೈಯಲ್ಲಿ ಆಹಾರದ ಎಣ್ಣೆಯ ಪೊರೆ ಕಟ್ಟಿದ್ದರೆ ಮರಿಗೆ ಗಾಳಿ ಸಿಗುವುದಿಲ್ಲ, ಗಾಳಿಚೀಲ ತುಂಬದೆ ತಳದಲ್ಲೇ ತೆವಳಿ ಸಾಯುತ್ತದೆ. ಒಡೆಯುವ ದಿನದಿಂದ ಒಂದು ವಾರ ದಿನಾಲೂ ಮೇಲ್ಮೈಗೆ ತೆಳು ಕಾಗದ ಹಾಸಿ ಎಳೆದು ಪೊರೆ ತೆಗೆಯಿರಿ. ನಾಲ್ಕೈದನೆಯ ದಿನ ಹಳದಿಚೀಲ ಕರಗುತ್ತಿದ್ದಂತೆ ರೋಟಿಫರ್ ಅಥವಾ ಆಗಷ್ಟೇ ಒಡೆದ ಆರ್ಟೀಮಿಯಾ ಮರಿಗಳನ್ನು ದಿನಕ್ಕೆ ಮೂರು ಸಲ ಕೊಡಿ. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬೇರೆ ಗುರುತು ಬೇಕಿಲ್ಲ. ತಂದೆಯ ಕಾವಲು ಒಂದೆರಡು ವಾರ; ಮರಿಗಳು ಚದುರತೊಡಗಿದಾಗ ಗಂಡನ್ನು ತೆಗೆಯಿರಿ, ಆಮೇಲೆ ಅವು ಅದಕ್ಕೆ ಬೇಟೆ.

ಸರೋವರ ಕೆಟ್ಟರೆ ಈ ಗೂಡುಗಳ ವ್ಯವಸ್ಥೆ ಎಷ್ಟು ಬೇಗ ಕುಸಿಯುತ್ತದೆ ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ದ್ವೀಪದ ಈನಾಸ್ ಸರೋವರವನ್ನು ನೋಡಬೇಕು. ಅಲ್ಲಿ ತಳದಲ್ಲಿ ಮೇಯುವ ದಪ್ಪ ಮೈಯದು, ನಡುನೀರಿನಲ್ಲಿ ಪ್ಲವಕ, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ತಿನ್ನುವ ಸಣಕಲು ಮೈಯದು ಎಂದು ಎರಡು ಬಗೆಯ ಸ್ಟಿಕಲ್‌ಬ್ಯಾಕ್‌ಗಳು ಬೆರೆಯದೆ ಬಾಳುತ್ತಿದ್ದವು. ತಳದ ಬಗೆಯ ಗಂಡು ಗಿಡಗಳ ಮರೆಯಲ್ಲಿ ಗೂಡು ಕಟ್ಟಿದರೆ, ಇನ್ನೊಂದು ಬಯಲಿನಲ್ಲಿ ಕಟ್ಟುತ್ತಿತ್ತು. ಹೊರಗಿನ ಸಿಗ್ನಲ್ ಕ್ರೇಫಿಶ್ ಎಂಬ ಸಿಹಿನೀರಿನ ಸಿಗಡಿಯಂಥ ಜೀವಿ ಸರೋವರ ಸೇರಿದ ಮೇಲೆ ನೀರೊಳಗಿನ ಗಿಡಗಳು ಹಾಳಾದವು, ಮರೆಯೂ ಬಯಲೂ ಒಂದಾದವು, ಕೆಲವೇ ವರ್ಷಗಳಲ್ಲಿ ಎರಡೂ ಬಗೆಗಳು ಬೆರೆತು ಒಂದೇ ಮಿಶ್ರ ಹಿಂಡಾಯಿತು. ಸಾವಿರಾರು ವರ್ಷ ಕಾದುಕೊಂಡ ಭೇದ ಇಷ್ಟು ಬೇಗ ಅಳಿಸಿಹೋದದ್ದು ನಿಜಕ್ಕೂ ನೋವಿನ ಸಂಗತಿ. ನಿಮ್ಮಲ್ಲಿ ಮಿಕ್ಕ ಮೀನನ್ನಾಗಲಿ, ಗಿಡವನ್ನಾಗಲಿ, ತೊಟ್ಟಿಯ ನೀರನ್ನಾಗಲಿ ಯಾವ ಸರೋವರಕ್ಕೂ ಸುರಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಡ.

ಇನ್ನು ಆ ಉಬ್ಬಿದ ಹೆಣ್ಣು. ಎರಡು ವಾರ ಎನ್ನುವುದು ಮೊಟ್ಟೆಯ ಕಂತಿಗೆ ತೀರಾ ಹೆಚ್ಚು. ಮೀನನ್ನು ಪಕ್ಕದಿಂದ ನೋಡಿ. ಮಾಗಿದ ಮೊಟ್ಟೆಯಾದರೆ ಉಬ್ಬು ಹೊಟ್ಟೆಯ ಹಿಂಭಾಗಕ್ಕೆ ಇಳಿದು, ಗುದದ ಮುಂದೆ ಮೂಲೆ ಕತ್ತರಿಸಿದಂತೆ ಚೌಕವಾಗಿ ನಿಂತಿರುತ್ತದೆ; ಗುದದ್ವಾರ ಉಬ್ಬಿ ತುಸು ತೆರೆದಿರುತ್ತದೆ; ಒದ್ದೆ ಬೆರಳಿನಿಂದ ಹಗುರಾಗಿ ಸವರಿದರೆ ಒಂದೆರಡು ಮೊಟ್ಟೆ ಇಣುಕುತ್ತವೆ. ಹಾಗಿದ್ದೂ ಗಂಡು ಸಿಗದೆ ದಿನಗಟ್ಟಲೆ ಉಳಿದರೆ ಮೊಟ್ಟೆ ಒಳಗೇ ಗಟ್ಟಿಯಾಗಿ ಒಂದೇ ಗಡ್ಡೆಯಾಗುತ್ತದೆ. ಗಡ್ಡೆ ಕೈಗೆ ಗಟ್ಟಿಯಾಗಿ ಸಿಕ್ಕರೆ ಒತ್ತಿ ತೆಗೆಯಲು ಹೋಗಬೇಡಿ, ಒಳಗೆ ಹರಿದು ಮೀನು ಸಾಯುತ್ತದೆ.

ಉಬ್ಬು ಎದೆಯ ಹತ್ತಿರದಿಂದಲೇ ಶುರುವಾಗಿ ಎರಡೂ ಪಕ್ಕಕ್ಕೆ ನುಣುಪಾಗಿ ಚಾಚಿದ್ದರೆ, ಮೀನು ಮೇಲ್ಮೈಯಲ್ಲಿ ಅಲೆಯುತ್ತಿದ್ದರೆ, ಕೈ ನೆರಳಿಗೂ ಬೆದರದಿದ್ದರೆ, ಒಳಗಿರುವುದು ಮೊಟ್ಟೆಯಲ್ಲ, ಷಿಸ್ಟೊಸೆಫಲಸ್ ಸಾಲಿಡಸ್ ಎಂಬ ಲಾಡಿಹುಳು. ನೀವು ಬರೆದ ಎರಡು ವಾರದ ಲೆಕ್ಕಕ್ಕೆ ಇದೇ ಹೆಚ್ಚು ಹೊಂದುತ್ತದೆ. ನೀರಿಗೆ ಬಿದ್ದ ಹುಳುವಿನ ಮೊಟ್ಟೆಯಿಂದ ಹೊರಬಂದ ಮರಿಯನ್ನು ಕೋಪೆಪಾಡ್ ಎಂಬ ಕಣದಂಥ ಜೀವಿ ತಿನ್ನುತ್ತದೆ, ಕೋಪೆಪಾಡನ್ನು ಸ್ಟಿಕಲ್‌ಬ್ಯಾಕ್ ತಿನ್ನುತ್ತದೆ, ಮೀನನ್ನು ನೀರುಹಕ್ಕಿ ತಿನ್ನುತ್ತದೆ. ಹುಳು ಬೆಳೆಯುವುದೆಲ್ಲ ಮೀನಿನ ಹೊಟ್ಟೆಯಲ್ಲೇ, ಕೆಲವೊಮ್ಮೆ ಮೀನಿನಷ್ಟೇ ತೂಕಕ್ಕೆ. ಹಕ್ಕಿಯ ಕರುಳಿನ ಬಿಸಿ ತಗುಲಿದ ಎರಡೇ ದಿನದಲ್ಲಿ ಮೊಟ್ಟೆಯಿಡತೊಡಗುತ್ತದೆ. ಹಕ್ಕಿಯ ಬಾಯಿಗೆ ಸುಲಭವಾಗಿ ಸಿಗುವಂತೆ ಮೀನಿನ ನಡತೆಯೇ ಬದಲಾಗಿರುತ್ತದೆ. ಅದು ತಿಂದ ಆಹಾರ ಹುಳುವಿಗೆ ಹೋಗುವುದರಿಂದ ಹೆಣ್ಣಿಗೆ ಮೊಟ್ಟೆ ಕಟ್ಟುವುದು, ಗಂಡಿಗೆ ಗೂಡು ಕಟ್ಟುವುದು ಬಹುಪಾಲು ನಿಂತೇಹೋಗುತ್ತದೆ.

ಈ ಹೆಣ್ಣನ್ನು ಬೇರೆ ತೊಟ್ಟಿಗೆ ಹಾಕಿ, ಸಂತಾನದ ಪ್ರಯೋಗದಿಂದ ಕೈಬಿಡಿ. ಮೀನಿನಿಂದ ಮೀನಿಗೆ ಇದು ನೇರವಾಗಿ ಹರಡದು, ಜೊತೆಯಲ್ಲಿದ್ದವಕ್ಕೆ ಭಯವಿಲ್ಲ. ಆದರೆ ಅದೇ ಸರೋವರದಿಂದ ಜೀವಂತ ಪ್ಲವಕ ಸೋಸಿ ತಂದು ತಿನ್ನಿಸುತ್ತಿದ್ದರೆ ಇಂದೇ ನಿಲ್ಲಿಸಿ, ಕೋಪೆಪಾಡ್ ಬರುವುದು ಅದರಲ್ಲೇ. ಮೀನು ಸತ್ತರೆ ಹೊಟ್ಟೆ ಸೀಳಿ ನೋಡಿ: ಬೆಳ್ಳಗೆ, ಚಪ್ಪಟೆ ರಿಬ್ಬನ್ನಿನಂತೆ ಅಡ್ಡಗೆರೆಗಳಿರುವ ಹುಳು ಕಂಡರೆ ತೂಗಿ, ಎಣಿಸಿ, ಬರೆದಿಡಿ. ಒಂದಕ್ಕಿಂತ ಹೆಚ್ಚು ಇರುವುದೂ ಸಾಮಾನ್ಯ. ಆಮೇಲೆ ಮೀನನ್ನೂ ಹುಳುವನ್ನೂ ಆಲ್ಕೋಹಾಲಿನಲ್ಲಿಡಿ, ಇಲ್ಲವೇ ಸುಟ್ಟುಬಿಡಿ. ಹೊರಗೆ ಎಸೆದರೆ ಕೊಕ್ಕರೆಯೋ ಕಾಗೆಯೋ ಎತ್ತಿಕೊಂಡು ಹೋಗುತ್ತದೆ, ಹುಳುವಿಗೆ ಬೇಕಾದದ್ದೂ ಅದೇ.